ಭೂಮಿ ಒಳಗ ಯಾರೂ ಇಳದಿಲ್ಲ ಅಂದ್ಮ್ಯಾಲ ಕೋರ್ 2900 ಕಿಮೀ ಕೆಳಗ ಐತಿ ಅಂತ ಹೆಂಗ ಅಳದ್ರು? ಹುಡುಗ್ರಿಗೆ ಹೇಳ್ಬೇಕು, ಗೊತ್ತಿದ್ದವ್ರು ಹೇಳ್ರಿ

ಇಂಡಿ_ಮಾಸ್ತರ:

ನಮಸ್ಕಾರ್ರಿ ಎಲ್ಲಾರಿಗೂ. ವಿಜಯಪುರ ಜಿಲ್ಲಾದಾಗ ಒಂದ್ ಹಳ್ಳಿ ಹೈಸ್ಕೂಲಿನಾಗ ಸೈನ್ಸ್ ಹೇಳ್ತೀನಿ. ನಮ್ ಕಡಿ ನಿಮಗ ಗೊತ್ತಿದ್ದದ್ದ, 2021, 2022ರಾಗಂತೂ ನೆಲದಾಗಿಂದ ಡಬ್ ಅಂತ ಸಪ್ಪಳ ಬರೂದು, ಅಡಿಗಿ ಮನ್ಯಾಗ ತಾಟು ವಾಟಗ ಅಲುಗೂದು, ಮಂದಿ ರಾತ್ರಿ ಅಂಗಳದಾಗ ಮಲಗೂದು ಎಲ್ಲಾ ನಡದಿತ್ತು. ಹಂಗಾಗಿ ಭೂಕಂಪದ ಪಾಠ ಬಂತಂದ್ರ ನಮ್ ಹುಡುಗ್ರು ಸುಮ್ಮ ಕೇಳ್ಕೋತ ಕುಂಡ್ರಂಗಿಲ್ಲ, ಪ್ರಶ್ನೆ ಮ್ಯಾಲ ಪ್ರಶ್ನೆ.

ನಾ ಬೋರ್ಡಿನ ಮ್ಯಾಲ ಚಿತ್ರ ತಗದು ಇದು ಕ್ರಸ್ಟ್ ಅಂದ್ರ ಮ್ಯಾಲಿನ ಚಿಪ್ಪು, ಇದು ಅದರ ಕೆಳಗಿನ ಪದರ ಮ್ಯಾಂಟಲ್, 2900 ಕಿಮೀ ಕೆಳಗ ಹೋದ್ರ ಕೋರ್ ಅಂದ್ರ ನಟ್ಟನಡುವಿನ ಗಡ್ಡಿ ಬರ್ತೈತಿ, ಅದು ಕಬ್ಬಿಣದ್ದು ಅಂತ ಹೇಳಿದ್ರ ಒಬ್ಬಾಕಿ ಎದ್ದು ನಿಂತು, ಸರ್ ನಮ್ ಹೊಲದಾಗ ಬೋರ್ ಹೊಡಸಿದ್ರ 600 ಫೂಟಿಗೇ ನಮ್ಮಪ್ಪನ ರೊಕ್ಕ ಖಾಲಿ ಆತು, 2900 ಕಿಮೀ ಒಳಗ ಯಾರ್ ಹೋಗಿ ನೋಡ್ಯಾರ್ರಿ ಅಂದ್ಲು. ಕ್ಲಾಸೆಲ್ಲಾ ನಕ್ತು. ಭೂಕಂಪದ ಅಲೆಯಿಂದ ತಿಳೀತು ಅಂತ ಒಂದ್ ಲೈನ್ ಪುಸ್ತಕದಾಗ ಐತಿ, ಅದನ್ನ ಓದಿ ಹೇಳಿದೆ, ಆದ್ರ ಆಕಿ ಮುಖ ನೋಡಿದ್ರ ಒಪ್ಪಿಲ್ಲ ಅಂತ ಗೊತ್ತಾಗ್ತಿತ್ತು. ಒಪ್ಪಬಾರದು ಕೂಡ.

ಎರಡನೇದು, ಅಲುಗಾಡಿದ ಮ್ಯಾಲ ಒಂದ್ ಆ್ಯಪಿನಾಗ ಒಂದ್ ನಂಬರ್, ಟಿವಿಯಾಗ ಇನ್ನೊಂದ್ ನಂಬರ್ ಬರ್ತೈತಿ, 0.2, 0.3 ಫರಕ್ ಇರ್ತೈತಿ. ಯಾವ್ದು ಖರೇ ಅಂತ ಹುಡುಗ್ರು ಕೇಳ್ತಾರ.

ಮೂರನೇದು, ಹುಡುಗ್ರ ಕೈಲೆ ಏನರ ಅಳಸಬೇಕಂತ ಮಾಡೀನಿ. ಲ್ಯಾಬ್ ಅಂದ್ರ ಒಂದ್ ಬೀರು ಅಷ್ಟ. ಸ್ಪ್ರಿಂಗ್ ಬ್ಯಾಲನ್ಸ್ ಐತಿ, ಅಳತಿ ಜಾಡಿ ಐತಿ, ಕಂಪಾಸ್ ಪೆಟ್ಟಿಗಿ ಎಲ್ಲಾರ ಕಡಿ ಅದಾವ, ನನ್ ಮೊಬೈಲ್ ಐತಿ. ಇಷ್ಟರಾಗ ಏನ್ ಮಾಡಬಹುದು?

ಹಳೇಬಂಡೆ:

ಸರ್, ಮೊದ್ಲು ಆ ಹುಡುಗಿಗೆ ಯಾರೂ ನೋಡಿಲ್ಲಮ್ಮ ಅಂತ ನೇರವಾಗಿ ಹೇಳ್ಬಿಡಿ. ಮನುಷ್ಯ ಕೊರೆದಿರೋದ್ರಲ್ಲೇ ಅತೀ ಆಳದ ತೂತು ರಷ್ಯಾದ ಕೋಲಾ ಅನ್ನೋ ಕಡೆ ಇದೆ, 1970ರಲ್ಲಿ ಶುರು ಮಾಡಿ 1989ರಲ್ಲಿ 12,262 ಮೀಟರ್ ಮುಟ್ಟಿದ್ರು, ಅಷ್ಟು ಹೊತ್ತಿಗೆ ಕೆಳಗೆ 180 ಡಿಗ್ರಿ ಬಿಸಿ, ಅಲ್ಲಿಂದ ಮುಂದೆ ಹೋಗಕ್ಕೆ ಆಗ್ಲಿಲ್ಲ. ಭೂಮಿ ತ್ರಿಜ್ಯ 6371 ಕಿಮೀ. ಭಾಗಾಕಾರ ಹುಡುಗ್ರ ಕೈಲೇ ಮಾಡ್ಸಿ, ಶೇಕಡಾ 0.2 ಕೂಡ ಬರಲ್ಲ.

ಹಾಗಾದ್ರೆ ಏನ್ ಅಳೆದ್ರು ಅಂದ್ರೆ ಟೈಮ್. ಎಲ್ಲೋ ಒಂದು ಕಡೆ ದೊಡ್ಡ ಭೂಕಂಪ ಆಗುತ್ತೆ, ಅದರ ಅಲೆ ಪ್ರಪಂಚದ ಬೇರೆ ಬೇರೆ ಊರಲ್ಲಿರೋ ಸೀಸ್ಮೋಗ್ರಾಫಿಗೆ, ಅಂದ್ರೆ ನೆಲದ ಅಲುಗಾಟನ ಗೆರೆಯಾಗಿ ಬರೆಯೋ ಯಂತ್ರಕ್ಕೆ, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಬಂದು ಮುಟ್ತು ಅಂತ ಬರೆದಿಡ್ತಾರೆ, ಅಷ್ಟೇ ಕಚ್ಚಾ ಡೇಟಾ. ಅದರಿಂದ ಒಳಗಿನ ಚಿತ್ರ ಬಿಡಿಸೋದು ಲೆಕ್ಕ. ಅಂಗಡೀಲಿ ತೆಂಗಿನಕಾಯಿ ಒಡೀದೇ ತಟ್ಟಿ ನೋಡಿ ತಗೋತೀವಲ್ಲ, ಆ ಜಾತಿ ಕೆಲಸ, ತಟ್ಟೋದು ಮಾತ್ರ ನಾವಲ್ಲ.

ಇದರಲ್ಲಿ ನಮ್ ದೇಶದ ಪಾಲೂ ಇದೆ, ಪಾಠದಲ್ಲಿ ಯಾಕೋ ಹೇಳಲ್ಲ. 1897ರ ಜೂನ್ 12ಕ್ಕೆ ಶಿಲ್ಲಾಂಗ್ ಕಡೆ ಭಯಂಕರ ಭೂಕಂಪ ಆಯ್ತು. ಆಗ ಜಿಯಾಲಾಜಿಕಲ್ ಸರ್ವೇ ಆಫ್ ಇಂಡಿಯಾದಲ್ಲಿ ರಿಚರ್ಡ್ ಓಲ್ಡ್‌ಹ್ಯಾಮ್ ಅಂತ ಇದ್ದ, ಅದರ ಮೇಲೆ ದೊಡ್ಡ ವರದಿ ಬರೆದ. ಆ ಭೂಕಂಪ ಯುರೋಪಿನ ಯಂತ್ರಗಳಲ್ಲೂ ರೆಕಾರ್ಡ್ ಆಗಿತ್ತು, ಆ ಗೆರೆಗಳನ್ನ ನೋಡ್ತಾ ನೋಡ್ತಾ ಮೂರು ಥರದ ಅಲೆ ಬೇರೆ ಬೇರೆಯಾಗಿ ಬರ್ತಿವೆ ಅಂತ ಹಿಡಿದ. ಮೊದ್ಲು ಬರೋದು ಪಿ ಅಲೆ, ಅದು ಕಲ್ಲನ್ನ ಮುಂದಕ್ಕೆ ಹಿಂದಕ್ಕೆ ನೂಕುತ್ತೆ. ಆಮೇಲೆ ಎಸ್ ಅಲೆ, ಅದು ಅಡ್ಡಡ್ಡ ಅಲ್ಲಾಡ್ಸುತ್ತೆ. ಕೊನೇಲಿ ಮೇಲ್ಮೈ ಮೇಲೇ ಹರಡೋ ಅಲೆ. ಇದೇ ಮನುಷ್ಯ 1906ರಲ್ಲಿ ಭೂಮಿ ಇನ್ನೊಂದು ಮಗ್ಗುಲಿಗೆ ಬರೋ ಅಲೆ ಇರಬೇಕಾದ್ದಕ್ಕಿಂತ ತಡವಾಗಿ ಬರ್ತಿದೆ, ಅಂದ್ಮೇಲೆ ಮಧ್ಯದಲ್ಲಿ ಅಲೆ ನಿಧಾನ ಆಗೋ ಒಂದು ಗಡ್ಡೆ ಇದೆ ಅಂತ ಹೇಳಿದ್ದು. ಅದೇ ಕೋರ್.

ಈಗ 2900ಕ್ಕೆ ಬರೋಣ. ಭೂಕಂಪ ಆದ ಜಾಗದಿಂದ ಕೋನದ ಲೆಕ್ಕದಲ್ಲಿ ಸುಮಾರು 104 ಡಿಗ್ರಿವರೆಗೆ, ಅಂದ್ರೆ ನೆಲದ ಮೇಲೆ ಹನ್ನೊಂದೂವರೆ ಸಾವಿರ ಕಿಮೀ ದೂರದವರೆಗೆ ಪಿ, ಎಸ್ ಎರಡೂ ನೇರವಾಗಿ ಬಂದು ಮುಟ್ತವೆ. ಅದು ದಾಟಿದ್ರೆ ನೇರ ಎಸ್ ಅಲೆ ಪೂರ್ತಿ ಮಾಯ. ಪಿ ಅಲೆ ಮಾತ್ರ 140 ಡಿಗ್ರಿ ದಾಟಿದ ಮೇಲೆ ಮತ್ತೆ ಜೋರಾಗಿ ಕಾಣಿಸುತ್ತೆ, ಮಧ್ಯದ ಪಟ್ಟಿಗೆ ನೆರಳು ಪ್ರದೇಶ ಅಂತಾರೆ. ದ್ರವಕ್ಕೆ ಅಡ್ಡಕ್ಕೆ ತಿರುಚಿದ್ರೆ ವಾಪಸ್ ಬರೋ ಗುಣ ಇಲ್ಲ, ಹಂಗಾಗಿ ಎಸ್ ಅಲೆ ದ್ರವದಲ್ಲಿ ಹೋಗಕ್ಕೇ ಆಗಲ್ಲ. ಹೊರಗಿನ ಕೋರ್ ದ್ರವ ಅಂತ ಹೇಳೋದಕ್ಕೆ ದೊಡ್ಡ ಆಧಾರ ಇದೇ, 1926ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೆಫ್ರೀಸ್ ಗಟ್ಟಿಯಾಗಿ ವಾದ ಮಾಡಿದ. ಇನ್ನ 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮಾನ್ ಅನ್ನೋ ಹೆಣ್ಮಗಳು, 1929ರ ನ್ಯೂಜಿಲೆಂಡ್ ಭೂಕಂಪದ ರೆಕಾರ್ಡುಗಳಲ್ಲಿ ಆ ನೆರಳು ಪಟ್ಟಿ ಒಳಗೇ ಸಣ್ಣ ಸಣ್ಣ ಪಿ ಅಲೆ ಕಾಣಿಸ್ತಿರೋದನ್ನ ಬಿಡದೆ ಹಿಡ್ಕೊಂಡು, ದ್ರವದ ಒಳಗೆ ಇನ್ನೊಂದು ಉಂಡೆ ಇದೆ, ಅದಕ್ಕೆ ತಗುಲಿ ಇವು ತಿರುಗಿ ಬರ್ತಿವೆ ಅಂದ್ರು. ಅಲ್ಲಿವರೆಗೂ ಉಳಿದವ್ರು ಅವನ್ನ ಕೋರಿನ ಅಂಚಲ್ಲಿ ಬಾಗಿ ಬಂದ ಅಲೆ ಅಂತ ಅಂದ್ಕೊಂಡಿದ್ರು. ನಿಮ್ ಕ್ಲಾಸಲ್ಲಿ ಎದ್ದು ನಿಂತ ಹುಡುಗಿಗೆ ಈ ಹೆಸರು ಹೇಳಿ.

ಇನ್ನೊಂದು ವಿಷಯ, ಪುಸ್ತಕದ ಚಿತ್ರದಲ್ಲಿ ಮ್ಯಾಂಟಲ್‌ಗೆ ಕೆಂಪು ಕಿತ್ತಳೆ ಬಣ್ಣ ಹೊಡೆದಿರ್ತಾರೆ, ಮಕ್ಳೆಲ್ಲ ಅದು ಲಾವಾ ಕೆರೆ ಅಂದ್ಕೊಂಡು ಬಿಡ್ತಾರೆ, ಎಷ್ಟೋ ಮೇಷ್ಟ್ರುಗಳೂ ಹಂಗೇ ಹೇಳ್ಕೊಡ್ತಾರೆ ನೋಡಿದೀನಿ. ಮ್ಯಾಂಟಲ್ ಗಟ್ಟಿ ಕಲ್ಲು ಸರ್. ಎಸ್ ಅಲೆ ಅದರಲ್ಲಿ ಆರಾಮಾಗಿ ಓಡಾಡುತ್ತೆ. ಲಕ್ಷಾಂತರ ವರ್ಷದ ಲೆಕ್ಕದಲ್ಲಿ ನಿಧಾನಕ್ಕೆ ಜರುಗುತ್ತೆ ಅನ್ನೋದು ಬೇರೆ ಮಾತು.

ಕೋರಮಂಡಲ್_ಗಲ್ಲಿ:

ಕೆಜಿಎಫ್ ಕಡೆಯಿಂದ ಒಂದು ಮಾತು ಸೇರಿಸ್ತೀನಿ ಗುರು. ನಮ್ಮಪ್ಪ ಚಾಂಪಿಯನ್ ರೀಫ್ ಗಣೀಲಿ ಕೆಲ್ಸ ಮಾಡಿದ್ದು, ಅದು 3 ಕಿಮೀಗೂ ಆಳ, 2001ರಲ್ಲಿ ಮುಚ್ಚೋವರೆಗೂ ಪ್ರಪಂಚದ ಅತೀ ಆಳದ ಗಣಿಗಳಲ್ಲಿ ಅದೂ ಒಂದು. ಕೆಳಗೆ ಕಲ್ಲಿನ ಬಿಸಿ 60 ಡಿಗ್ರಿ ದಾಟಿರ್ತಿತ್ತು, ತಣ್ಣನೆ ಗಾಳಿ ಪಂಪ್ ಮಾಡ್ದೆ ಇದ್ರೆ ಮನುಷ್ಯ ನಿಲ್ಲಕ್ಕಾಗಲ್ಲ. ಕಿಮೀಗೆ ಹೆಚ್ಚುಕಮ್ಮಿ 12 ಡಿಗ್ರಿ ಏರುತ್ತೆ ಅಂತ ಇಟ್ಕೊಳ್ಳಿ, ನಮ್ ಕಡೆ ಹಳೇ ಗಟ್ಟಿ ಬಂಡೆ ಆಗಿರೋದ್ರಿಂದ ಅದು ಕಮ್ಮಿನೇ, ಬಹಳ ಕಡೆ 25, 30 ಇರುತ್ತೆ.

ಇದನ್ನ ಕ್ಲಾಸಲ್ಲಿ ಹೀಗೆ ಉಪಯೋಗ್ಸಿ. 12 ಡಿಗ್ರಿನ 2900ಕ್ಕೆ ಗುಣಿಸಿ ಅಂತ ಹೇಳಿ, ಸುಮಾರು 35,000 ಡಿಗ್ರಿ ಬರುತ್ತೆ. ಅದು ಶುದ್ಧ ತಪ್ಪು ಉತ್ತರ, ಕೋರಿನ ಅಂಚಲ್ಲಿ ಈಗಿನ ಅಂದಾಜು 4,000 ಡಿಗ್ರಿ ಆಸುಪಾಸು ಅಷ್ಟೆ. ಯಾಕೆ ತಪ್ತು ಅಂತ ಮಕ್ಳನ್ನೇ ಕೇಳಿ. 3 ಕಿಮೀಲಿ ಅಳೆದಿದ್ದನ್ನ 2900ಕ್ಕೆ ಎಳೆದ್ರೆ ಹಂಗೇ ಆಗೋದು, ಕೆಳಗೆ ಹೋದಂಗೆ ಶಾಖ ಸಾಗೋ ರೀತಿನೇ ಬೇರೆ ಆಗುತ್ತೆ. ಗ್ರಾಫಲ್ಲಿ ಮೂರು ಚುಕ್ಕೆ ಸಿಕ್ಕಿದ್ರೆ ಸಾಕು ಸ್ಕೇಲ್ ಇಟ್ಟು ಪೇಜಿನ ಕೊನೇವರೆಗೂ ಗೆರೆ ಎಳೆಯೋ ಚಟ ನಮ್ ಹುಡುಗ್ರಿಗೆ ಇದೆ ನೋಡಿ, ಅದಕ್ಕೆ ಒಳ್ಳೆ ಮದ್ದು.

ಇನ್ನೊಂದು, ಗಣಿ ಒಳಗೆ ಒತ್ತಡಕ್ಕೆ ಬಂಡೆ ಸಿಡಿದ್ರೆ ಮೇಲೆ ಕಾಲೋನಿ ಮನೆಗಳಲ್ಲಿ ಪಾತ್ರೆ ಅಲ್ಲಾಡ್ತಿತ್ತು. ಬಂಡೆ ಎಲ್ಲಿ ಸಿಡೀತು ಅಂತ ಕಂಡುಹಿಡಿಯಕ್ಕೆ ಅಂತಾನೇ ಅಲ್ಲಿ ಸುತ್ತ ಸೆನ್ಸರ್ ಹಾಕಿದ್ರು. ಲೆಕ್ಕ ಅದೇ, ಯಾವ ಸೆನ್ಸರಿಗೆ ಎಷ್ಟು ಬೇಗ ಬಂತು ಅನ್ನೋದು.

ಲ್ಯಾಬ್_ಅಕ್ಕ:

ಸರ್, ನಾನೂ ಹೈಸ್ಕೂಲ್ ಟೀಚರೇ, ದಾವಣಗೆರೆ ಕಡೆ. ನಿಮ್ಮ ಮೂರನೇ ಪ್ರಶ್ನೆ ನಾನು ತಗೋತೀನಿ.

ಮೊದಲನೇದು ಕಲ್ಲು ತೂಗೋದು. ನಿಮ್ಮ ಕಡೆ ಕರಿಕಲ್ಲು ಬೇಕಾದಷ್ಟು ಸಿಗುತ್ತೆ, ಕಲಬುರಗಿ ಕಡೆ ಹೋದ್ರೆ ಶಹಾಬಾದ್ ಪರಸಿ. ಒಂದು ಮುಷ್ಟಿ ಗಾತ್ರದ ಕಲ್ಲಿಗೆ ದಾರ ಕಟ್ಟಿ ಸ್ಪ್ರಿಂಗ್ ಬ್ಯಾಲನ್ಸಿಗೆ ನೇತಾಕಿ, ಗಾಳೀಲಿ 580 ಗ್ರಾಂ ಬಂತು ಅಂತ ಇಟ್ಕೊಳ್ಳಿ. ಹಾಗೇ ಬಕೆಟ್ ನೀರಲ್ಲಿ ಪೂರ್ತಿ ಮುಳುಗ್ಸಿ, ತಳ ಮುಟ್ಟಬಾರದು, ಈಗ 380 ತೋರಿಸ್ತು. ಕಮ್ಮಿ ಆಗಿದ್ದು 200. 580 ಭಾಗಿಸು 200, ಅಂದ್ರೆ 2.9. ನೀರಿಗಿಂತ 2.9 ಪಟ್ಟು ಸಾಂದ್ರ. ಇಲ್ಲಿಗೆ ನಿಲ್ಲಿಸ್ಬೇಡಿ, ಬ್ಯಾಲನ್ಸಿನ ಒಂದು ಗೆರೆ ಎಷ್ಟು ಗ್ರಾಂ ಅಂತ ಕೇಳಿ. 10 ಗ್ರಾಂ ಇದ್ರೆ ಆ 200 ಅನ್ನೋದು 190 ಕೂಡ ಇರಬಹುದು, 210 ಕೂಡ ಇರಬಹುದು. ಆಗ ಉತ್ತರ 3.05ರಿಂದ 2.76ರವರೆಗೆ ಎಲ್ಲಾದ್ರೂ ಇರಬಹುದು. ಕ್ಯಾಲ್ಕುಲೇಟರಲ್ಲಿ ಬಂದಿದ್ದು ಅಂತ ದಶಮಾಂಶ ಆದ್ಮೇಲೆ ಆರು ಅಂಕಿ ಬರೆದು ತರೋ ಮಕ್ಕಳಿಗೆ ಇಲ್ಲೇ ಬಿಸಿ ಮುಟ್ಸಿ.

ಈಗ ಮಜಾ ಏನಂದ್ರೆ, ಇಡೀ ಭೂಮಿ ಸರಾಸರಿ ಸಾಂದ್ರತೆ 5.5. ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ 1798ರಲ್ಲೇ ಸೀಸದ ಗುಂಡುಗಳ ನಡುವಿನ ಸೆಳೆತ ಅಳೆದು ಹೆಚ್ಚುಕಮ್ಮಿ ಅಷ್ಟೇ ತಂದಿದ್ದ. ನಿಮ್ಮ ಹುಡುಗ್ರು ಊರೆಲ್ಲ ಸುತ್ತಿ ಯಾವ ಕಲ್ಲು ತಂದ್ರೂ, ಎಷ್ಟೇ ತಪ್ಪು ತೂಗಿದ್ರೂ, 5.5 ಬರೋದಿಲ್ಲ. ಹಾಗಾದ್ರೆ ಒಳಗೆ ಇದಕ್ಕಿಂತ ಬಹಳ ಭಾರದ್ದು ಏನೋ ಇರಲೇಬೇಕು ಅಂತ ಅವರೇ ಹೇಳ್ತಾರೆ. ಒತ್ತಡಕ್ಕೆ ಕಲ್ಲು ಅಮುಕಿ ಸಾಂದ್ರತೆ ಏರುತ್ತೆ ನಿಜ, ಆದ್ರೂ ಅಷ್ಟೇ ಸಾಲಲ್ಲ, ಕಬ್ಬಿಣ ಬೇಕು. ಆ ಹುಡುಗಿಗೆ ಪುಸ್ತಕದ ಲೈನಿಗಿಂತ ಇದು ಹಿಡಿಸುತ್ತೆ ಅನ್ಸುತ್ತೆ.

ಎರಡನೇದು, ಮೇಲೆ ಹಳೇಬಂಡೆಯವ್ರು ಹೇಳಿದ 104 ಡಿಗ್ರಿನ ಪೇಪರ್ ಮೇಲೆ ತರೋದು. 1 ಮಿಲಿಮೀಟರ್ ಅಂದ್ರೆ 100 ಕಿಮೀ ಅಂತ ಸ್ಕೇಲ್ ಇಟ್ಕೊಂಡು 6.4 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಸಿ. ಕೇಂದ್ರದಲ್ಲಿ ಕೋನಮಾಪಕ ಇಟ್ಟು 104 ಡಿಗ್ರಿ ಗುರುತು ಮಾಡಿ, ಆ ಎರಡು ಬಿಂದು ಸೇರಿಸಿ ಜ್ಯಾ ಎಳೀರಿ. ಎಸ್ ಅಲೆ ಕೋರಿಗೆ ತಾಗದೆ ಹಾದು ಹೋಗೋ ಕಟ್ಟಕಡೇ ದಾರಿ ಅದು ಅಂತ ಅಂದ್ಕೊಳ್ಳಿ. ಜ್ಯಾದ ನಡುಮಧ್ಯದಿಂದ ವೃತ್ತದ ಅಂಚಿಗೆ ಅಳೆದ್ರೆ 24, 25 ಮಿಲಿಮೀಟರ್ ಬರುತ್ತೆ, ಅಂದ್ರೆ 2450 ಕಿಮೀ ಹತ್ತಿರ. ಹತ್ತನೇ ಕ್ಲಾಸಿನವರಾದ್ರೆ ಕಾಸ್ 52 ಹಾಕಿ ತಾಳೆ ನೋಡಬಹುದು.

2900 ಬರ್ಲಿಲ್ಲ ಅಲ್ವಾ, ಬರಬಾರದು. ಅಲೆ ನೇರ ಗೆರೇಲಿ ಹೋಗಲ್ಲ, ಆಳಕ್ಕೆ ಹೋದಂಗೆ ವೇಗ ಜಾಸ್ತಿ ಆಗೋದ್ರಿಂದ ದಾರಿ ಕೆಳಗೆ ಹೊಟ್ಟೆ ಬಿಟ್ಕೊಂಡು ಬಾಗಿ ಆಮೇಲೆ ಮೇಲೆ ಬರುತ್ತೆ. ನೇರ ಗೆರೆ ಎಳೆದ್ರೆ 2450, ಬಾಗಿದ ಗೆರೆ ಲೆಕ್ಕ ಹಾಕಿದ್ರೆ 2890. ಮಕ್ಕಳು ಅರ್ಧ ದಾರಿ ತಾವೇ ನಡೆದಂಗಾಯ್ತು. ಅದೇ ಪೇಪರಲ್ಲಿ ಕ್ರಸ್ಟ್ ಬಿಡಿಸಿ ಅಂತ ಹೇಳಿ, ನಮ್ಮ ಕರ್ನಾಟಕದ ಕೆಳಗೆ 35ರಿಂದ 40 ಚಿಲ್ಲರೆ ಕಿಮೀ ಇದೆ, ಅಂದ್ರೆ ಅರ್ಧ ಮಿಲಿಮೀಟರೂ ಇಲ್ಲ, ಪೆನ್ಸಿಲ್ ಗೆರೇಲೇ ಮುಗಿದುಹೋಗುತ್ತೆ.

ಇಂಡಿ_ಮಾಸ್ತರ:

ಅಕ್ಕಾರ, ಹಳೇಬಂಡೆ ಅವ್ರ, ಭಾಳ ಉಪಕಾರ ಆತ್ರಿ. ಕಲ್ಲು ತೂಗೂದು ನಾಳೇನ ಮಾಡಸ್ತೀನಿ. ಆದ್ರ ಭೂಕಂಪ ಎಲ್ಲಿ ಆತು ಅಂತ ಹೆಂಗ ಹುಡುಕ್ತಾರ, ಅದನ್ನೂ ಕ್ಲಾಸಿನಾಗ ಮಾಡಸಬಹುದಾ? ಮತ್ತ ನಂಬರಿಂದು ಯಾರೂ ಹೇಳ್ಲಿಲ್ಲ.

ಸೆಂಡೈ_ಕನ್ನಡಿಗ:

ನಂಬರ್ ವಿಷಯ ನಾನ್ ಹೇಳ್ತೀನಿ, ಜಪಾನಲ್ಲಿ ಇರೋದ್ರಿಂದ ಇದು ನಮಗೆ ದಿನಾ ಇರೋ ಕಥೆ. ಎರಡು ಬೇರೆ ಬೇರೆ ಅಳತೆ ಇವೆ. ಮ್ಯಾಗ್ನಿಟ್ಯೂಡ್ ಅಂದ್ರೆ ಭೂಕಂಪ ಹುಟ್ಟಿದ ಜಾಗದಲ್ಲಿ ಅದು ಎಷ್ಟು ದೊಡ್ಡದು ಅನ್ನೋದು, ಒಂದು ಭೂಕಂಪಕ್ಕೆ ಒಂದೇ. ತೀವ್ರತೆ ಅಂದ್ರೆ ನೀವು ನಿಂತಿರೋ ಜಾಗದಲ್ಲಿ ಎಷ್ಟು ಅಲ್ಲಾಡ್ತು ಅನ್ನೋದು, ಅದು ಊರಿಂದ ಊರಿಗೆ ಬೇರೆ. ಇಲ್ಲಿ ಟಿವಿಯವ್ರು ಮೊದ್ಲು ತೋರ್ಸೋದೇ ಎರಡನೇದನ್ನ, ಶಿಂದೋ ಅಂತಾರೆ, 0ಯಿಂದ 7ರವರೆಗೆ, 5 ಮತ್ತು 6ರಲ್ಲಿ ಮೇಲಿಂದು ಕೆಳಗಿಂದು ಅಂತ ಎರಡೆರಡು. ನಮ್ ಕಡೆ ಚಾನೆಲ್‌ಗಳು ರಿಕ್ಟರ್ ರಿಕ್ಟರ್ ಅಂತ ಒಂದೇ ನಂಬರ್ ಹಿಡ್ಕೊಂಡು ಕೂಗ್ತವೆ, ನನ್ನ ಊರಲ್ಲಿ ಎಷ್ಟು ಅಂತ ಯಾರೂ ಹೇಳಲ್ಲ.

ಉದಾಹರಣೆಗೆ 2012ರ ಏಪ್ರಿಲ್ 11ಕ್ಕೆ ಸುಮಾತ್ರಾ ಹತ್ರ ಸಮುದ್ರದಲ್ಲಿ 8.6 ಆಯ್ತು, ಬೆಂಗಳೂರಲ್ಲಿ ಆಫೀಸಿನವ್ರೆಲ್ಲ ಕೆಳಗೆ ಇಳಿದು ಬಂದು ರಸ್ತೇಲಿ ನಿಂತಿದ್ರು, ಅಷ್ಟೇ, ಏನೂ ಆಗ್ಲಿಲ್ಲ. ಅದೇ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಲಾತೂರಿನ ಕಿಲ್ಲಾರಿಲಿ ಆಗಿದ್ದು 6.2, ಹತ್ತಿರ ಹತ್ತಿರ 10,000 ಜನ ಸತ್ರು. ಹೆಚ್ಚು ಆಳದಲ್ಲೂ ಇರ್ಲಿಲ್ಲ, ಜನ ಮಲಗಿದ್ರು, ಮನೆ ಮಣ್ಣು ಮೆತ್ತಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಾಳಿಗೆ ತುಂಬ ಮಣ್ಣಿನ ಭಾರ. ವಿಜಯಪುರ, ಕಲಬುರಗಿ, ಬೀದರಿನ ಹಳೇ ಮನೆಗಳೂ ಅದೇ ಥರ ಅಲ್ವಾ.

ಇನ್ನ 0.2, 0.3 ವ್ಯತ್ಯಾಸ ಯಾಕೆ ಅಂದ್ರೆ ಒಂದೊಂದು ಸಂಸ್ಥೆ ಬೇರೆ ಬೇರೆ ಸ್ಟೇಷನ್ ಡೇಟಾ ತಗೊಳ್ಳುತ್ತೆ, ಬೇರೆ ಸೂತ್ರ ಹಾಕುತ್ತೆ, ಒಬ್ಬರು ಐದು ನಿಮಿಷದಲ್ಲಿ ಹಾಕ್ತಾರೆ, ಇನ್ನೊಬ್ಬರು ಒಂದು ಗಂಟೆ ಆದ್ಮೇಲೆ ಕೂತು ನೋಡಿ ಹಾಕ್ತಾರೆ. ಆದ್ರೆ ಹುಡುಗ್ರಿಗೆ ಇದನ್ನೂ ಹೇಳಿ, ಈ ಸ್ಕೇಲಲ್ಲಿ ಒಂದು ಮೆಟ್ಟಿಲು ಹತ್ತಿದ್ರೆ ನೆಲದ ಅಲುಗಾಟ 10 ಪಟ್ಟು, ಎನರ್ಜಿ ಸುಮಾರು 32 ಪಟ್ಟು. ಹಂಗಾಗಿ ಬರೀ 0.2 ಅಂದ್ರೂ ಎನರ್ಜಿ ಲೆಕ್ಕದಲ್ಲಿ ಡಬಲ್! ನಿಮ್ ಕಡೆ ಆಗೋ 4.4ಕ್ಕೂ ಕಿಲ್ಲಾರಿಯ 6.2ಕ್ಕೂ 500 ಪಟ್ಟು ವ್ಯತ್ಯಾಸ. ಎರಡು ನಂಬರಲ್ಲಿ ಯಾವ್ದು ಖರೇ ಅಂತ ಕೇಳಿದ್ರೆ, ಎರಡೂ ಅಳತೆಗಳೇ, 4.4 ಅಂತ ಹೇಳಿದ್ರೂ ಅದಕ್ಕೆ ಆಚೆ ಈಚೆ ಒಂದಿಷ್ಟು ಇದ್ದೇ ಇರುತ್ತೆ.

ಬೋರ್‌ವೆಲ್_ಬಸ್ಯಾ:

ಇಷ್ಟೆಲ್ಲಾ ಬ್ಯಾಡ್ರಿ, ಊರ ತುಂಬ ಸಾವಿರ ಸಾವಿರ ಫೂಟ್ ಬೋರ್ ಹೊಡದು ಭೂತಾಯಿ ಹೊಟ್ಟಿ ತೂತ ಮಾಡಿದ್ರ ಅಲುಗಾಡ್ದೆ ಏನ್ ಮಾಡ್ತಾಳ. ಮತ್ತ ವಾಟ್ಸಾಪಿನಾಗ ಬಂದೈತಿ ಬರೂ ಅಮಾಸಿಗೆ ದೊಡ್ಡದು ಐತಂತ, ನಾಸಾದವ್ರು ಹೇಳ್ಯಾರಂತ.

ಹಳೇಬಂಡೆ:

ನಾಸಾದವ್ರೂ ಹೇಳಿಲ್ಲ, ಯಾರೂ ಹೇಳಕ್ಕೆ ಆಗಲ್ಲ, ಇಂಥ ದಿನ ಇಂಥ ಊರಲ್ಲಿ ಇಷ್ಟು ಅಂತ ಮುಂಚೆ ಹೇಳೋ ವಿದ್ಯೆ ಇವತ್ತಿನವರೆಗೂ ಇಲ್ಲ. ಆ ಮೆಸೇಜ್ ಡಿಲೀಟ್ ಮಾಡಿ.

ಬೋರ್ ಬಗ್ಗೆ, 1000 ಅಡಿ ಅಂದ್ರೆ 300 ಮೀಟರ್ ಅಣ್ಣ. ಈ ಭೂಕಂಪಗಳು ಹುಟ್ಟೋದು ಕಿಲೋಮೀಟರ್ ಗಟ್ಟಲೆ ಕೆಳಗೆ. ಆದ್ರೆ ನೀರಿಗೂ ಭೂಕಂಪಕ್ಕೂ ಸಂಬಂಧನೇ ಇಲ್ಲ ಅಂತ ನಾನ್ ಹೇಳಲ್ಲ. ಮಹಾರಾಷ್ಟ್ರದ ಕೊಯ್ನಾ ಡ್ಯಾಮಿಗೆ 1962ರಲ್ಲಿ ನೀರು ತುಂಬಿಸಕ್ಕೆ ಶುರು ಮಾಡಿದ್ರು, ಆಮೇಲೆ ಸಣ್ಣಪುಟ್ಟ ಅದುರು ಶುರುವಾಯ್ತು, 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರದ್ದು ಹೊಡೀತು. ಜಲಾಶಯದ ಭಾರ, ಕಲ್ಲಿನ ಸಂದಿಗೆ ಇಳಿಯೋ ನೀರಿನ ಒತ್ತಡ ಎರಡೂ ಸೇರಿ ಮೊದಲೇ ಬಿಗಿದು ನಿಂತಿರೋ ಬಿರುಕನ್ನ ಜಾರಿಸ್ತವೆ. ಕಲಬುರಗಿ ಚಿಂಚೋಳಿ ಕಡೆ ಗಡಿಕೇಶ್ವರದಲ್ಲಿ 2021ರಲ್ಲಿ ಆಯ್ತಲ್ಲ, ಅದು ಸುಣ್ಣದ ಕಲ್ಲಿನ ನೆಲ, ಮಳೆಗಾಲದ ನೀರು ಸಂದಿಗೆ ಇಳಿದು ಆಗೋ ಸಣ್ಣ ಸದ್ದು, ಸಣ್ಣ ಅದುರು ಅಂತ ನೋಡಕ್ಕೆ ಬಂದ ತಜ್ಞರು ಹೇಳಿದ್ರು. ಮಾಸ್ತರ ಹೇಳಿದ ಆ ಡಬ್ ಸಪ್ಪಳಕ್ಕೆ ಹೆಚ್ಚು ಆಳ ಇಲ್ದೆ ಆಗೋದು ಕಾರಣ, ತೀರಾ ಸಣ್ಣದಾದ್ರೂ ಕಿವಿಗೆ ಕೇಳುತ್ತೆ.

ಬಿರುಕನ್ನ ಬಿಗಿದು ನಿಲ್ಲಿಸೋದು ಯಾರು ಅಂದ್ರೆ ನಮ್ಮ ಪ್ಲೇಟೇ, ಅಂದ್ರೆ ನಮ್ಮ ದೇಶ ಕೂತಿರೋ ದೊಡ್ಡ ಬಂಡೆ ಹಲಗೆ. ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸಲ್ಲಿ ಒಂದು ಜಿಪಿಎಸ್ ಸ್ಟೇಷನ್ ಇದೆ, ನೆಲಕ್ಕೆ ಗಟ್ಟಿಯಾಗಿ ಕೂರಿಸಿರೋದು, ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಜರುಗ್ತಾ ಇದೆ, ಅದರ ಜೊತೆ ನಾವೂ. ಮುಂದೆ ಹಿಮಾಲಯದಲ್ಲಿ ಗುದ್ದಿಕೊಂಡಿರೋದ್ರಿಂದ ಹಿಂದೆ ದಕ್ಷಿಣದವರೆಗೂ ಒತ್ತಡ ಇರುತ್ತೆ.

ಲ್ಯಾಬ್_ಅಕ್ಕ:

ಸರ್, ಜಾಗ ಹುಡುಕೋದು ಕ್ಲಾಸಲ್ಲಿ ಖಂಡಿತ ಮಾಡಿಸಬಹುದು, ಒಂದು ಪಿರಿಯಡ್ ಸಾಕು, ಎರಡು ಸಿಕ್ಕಿದ್ರೆ ಆರಾಮ.

ಕ್ರಸ್ಟಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಮೀ ಹೋಗುತ್ತೆ, ಎಸ್ ಅಲೆ 3.5. ಎರಡೂ ಒಂದೇ ಕ್ಷಣ ಹೊರಡ್ತವೆ, ದೂರ ಹೋದಂಗೆ ಎರಡರ ಮಧ್ಯ ಅಂತರ ಜಾಸ್ತಿ ಆಗ್ತಾ ಹೋಗುತ್ತೆ. ಲೆಕ್ಕ ಮಾಡಿದ್ರೆ ಒಂದು ಸೆಕೆಂಡ್ ಅಂತರಕ್ಕೆ 8.4 ಕಿಮೀ ದೂರ. 12 ಸೆಕೆಂಡ್ ಅಂತರ ಇದ್ರೆ ಭೂಕಂಪ 100 ಕಿಮೀ ದೂರ ಆಗಿದೆ ಅಂತ. ಇದು ಒಂದೆರಡು ನೂರು ಕಿಮೀ ಒಳಗೆ ಮಾತ್ರ ಸರಿ ಬರುತ್ತೆ, ಅದಕ್ಕಿಂತ ದೂರಕ್ಕೆ ಅಲೆ ಮ್ಯಾಂಟಲಿಗೆ ಇಳಿದು ಬೇಗ ಬಂದುಬಿಡುತ್ತೆ. ಹಾಗೆ ಬೇಗ ಬರೋದನ್ನ ಗಮನಿಸಿಯೇ 1909ರಲ್ಲಿ ಕ್ರೊಯೇಷಿಯಾದ ವಿಜ್ಞಾನಿ ಮೊಹೊರೊವಿಚಿಚ್ ಕ್ರಸ್ಟಿನ ತಳ ಎಲ್ಲಿ ಅಂತ ಹಿಡಿದಿದ್ದು.

ನೀವು ಬಿಳಿ ಹಾಳೆ ಮೇಲೆ ಮೂರು ಗೆರೆ ಬಿಡಿಸಿ, ಸೊಟ್ಟಸೊಟ್ಟ ಸೀಸ್ಮೋಗ್ರಾಂ ಥರ, ಮೂರು ಊರಿಂದು ಅಂತ. 20 ಮಿಲಿಮೀಟರ್ ಅಂದ್ರೆ 10 ಸೆಕೆಂಡ್ ಅಂತ ಸ್ಕೇಲ್ ಕೊಡಿ. ಪಿ ಎಲ್ಲಿ ಶುರು, ಎಸ್ ಎಲ್ಲಿ ಶುರು ಅಂತ ಅವರೇ ಗುರುತು ಹಾಕ್ಲಿ, ಸ್ಕೇಲಿಟ್ಟು ಅಳೀಲಿ. ಸ್ಕೇಲಿನ ಅತಿ ಸಣ್ಣ ಗೆರೆ 1 ಮಿಲಿಮೀಟರ್, ಅಂದ್ರೆ ಅರ್ಧ ಸೆಕೆಂಡ್, ಅಂದ್ರೆ 4 ಕಿಮೀ. ಇದನ್ನ ಬೋರ್ಡ್ ಮೇಲೆ ದೊಡ್ಡದಾಗಿ ಬರೀರಿ. ಸ್ಕೇಲನ್ನ ಸೊನ್ನೆಯಿಂದಲೇ ಇಟ್ಟಿದಾರಾ, ತುದಿ ಸವೆದು ಹೋಗಿದ್ರೆ 1 ಸೆಂಟಿಮೀಟರಿಂದ ಶುರು ಮಾಡಿ ಆಮೇಲೆ ಕಳೆದಿದಾರಾ, ಕಣ್ಣು ಗೆರೆಗೆ ನೇರ ಇದೆಯಾ, ಇವೆಲ್ಲ ಇಲ್ಲೇ ಕಲಿಸಿದ್ರೆ ಮನಸಲ್ಲಿ ನಿಲ್ಲುತ್ತೆ. ಒಂದೇ ಗೆರೆನ ನಾಲ್ಕು ಮಕ್ಕಳ ಕೈಲಿ ಬೇರೆ ಬೇರೆಯಾಗಿ ಅಳೆಸಿ, ನಾಲ್ಕು ಉತ್ತರ ಬರುತ್ತೆ. ಸೆಂಡೈಯವ್ರು ಹೇಳಿದ 0.2 ವ್ಯತ್ಯಾಸ ಆಗ ತಾನಾಗೇ ಅರ್ಥ ಆಗುತ್ತೆ.

ಆಮೇಲೆ ಕರ್ನಾಟಕದ ಮ್ಯಾಪಲ್ಲಿ ಮೂರೂ ಊರಿಂದ ಕೈವಾರದಲ್ಲಿ ವೃತ್ತ. ಮ್ಯಾಪಲ್ಲಿ 1 ಸೆಂಟಿಮೀಟರ್ ಅಂದ್ರೆ 50 ಕಿಮೀ ಇದ್ರೆ ಮೊಂಡು ಪೆನ್ಸಿಲಿನ ಗೆರೆನೇ ಎರಡೂವರೆ ಕಿಮೀ ದಪ್ಪ ಇರುತ್ತೆ, ಮೊನೆ ಚೂಪು ಮಾಡ್ಸಿ.

ಸ್ಟಾಪ್‌ವಾಚ್ ಬಗ್ಗೆನೂ ಒಂದು ಮಾತು. ಮೊಬೈಲ್ 0.01 ಸೆಕೆಂಡ್ ತೋರಿಸುತ್ತೆ ಅಂತ ಮಕ್ಕಳು ಅಷ್ಟೂ ನಿಜ ಅಂದ್ಕೋತಾರೆ. ಒಬ್ಬ ಸ್ಕೇಲನ್ನ ಮೇಲಿಂದ ಬಿಡ್ಲಿ, ಇನ್ನೊಬ್ಬ ಕೆಳಗೆ ಬೆರಳಲ್ಲಿ ಹಿಡೀಲಿ. 20 ಸೆಂಟಿಮೀಟರ್ ಜಾರಿದ್ಮೇಲೆ ಹಿಡಿದ್ರೆ ಅವನ ಕೈಗೆ 0.2 ಸೆಕೆಂಡ್ ತಡ ಅಂತ. ಕೈಲಿ ಒತ್ತೋ ಸ್ಟಾಪ್‌ವಾಚಲ್ಲಿ ಆ ಕೊನೇ ಅಂಕಿ ಬರೀ ಅಲಂಕಾರ.

ಇಂಡಿ_ಮಾಸ್ತರ:

ಅಕ್ಕಾರ, ಮನ್ಯಾಗ ಕುಂತು ಮೊದ್ಲು ನಾನ ಮಾಡಿ ನೋಡ್ದೆ. ವಿಜಯಪುರ, ಕಲಬುರಗಿ, ಬಾಗಲಕೋಟಿ ತಗೊಂಡು. ಮೂರು ವೃತ್ತ ಒಂದ ಬಿಂದುವಿಗೆ ಕೂಡಂಗಿಲ್ಲಲ್ರಿ, ನಡುವ ಒಂದ್ ಸಣ್ಣ ತ್ರಿಕೋಣ ಉಳಿತೈತಿ. ಹುಡುಗ್ರು ಅದನ್ನ ನೋಡಿದ್ರ ರಬ್ಬರ್ ತಗೊಂಡು ಒಂದ ಬಿಂದು ಮಾಡಿ ತರ್ತಾರ, ಅವ್ರ ಚಾಳಿ ನನಗ ಗೊತ್ತೈತಿ.

ಲ್ಯಾಬ್_ಅಕ್ಕ:

ರಬ್ಬರ್ ಎಲ್ಲಾ ಮೊದಲೇ ಕಸ್ಕೊಂಡು ಇಟ್ಕೊಳ್ಳಿ ಸರ್! ಆ ತ್ರಿಕೋನನೇ ಉತ್ತರ, ಅದರೊಳಗೆ ಎಲ್ಲೋ ಇದೆ ಅಂತ ಬರೆಸಿ. ಯಾರಾದ್ರೂ ಮೂರೂ ಕರೆಕ್ಟಾಗಿ ಒಂದೇ ಬಿಂದುಲಿ ಸೇರಿಸಿ ತಂದ್ರೆ ನಾನಾದ್ರೆ ಮೊದ್ಲು ಅವರ ಅಳತೆಗಳನ್ನೇ ವಾಪಸ್ ಕೇಳ್ತೀನಿ.

ಹಳೇಬಂಡೆ:

ತ್ರಿಕೋನಕ್ಕೆ ಇನ್ನೊಂದು ಕಾರಣನೂ ಇದೆ. ಆ 8.4ರ ಲೆಕ್ಕ ಕೊಡೋದು ಭೂಕಂಪ ಹುಟ್ಟಿದ ಆಳದ ಜಾಗದವರೆಗಿನ ಓರೆ ದೂರ, ಮ್ಯಾಪ್ ಮೇಲಿನ ದೂರ ಅಲ್ಲ. 10 ಕಿಮೀ ಆಳ ಇದ್ದು ಸ್ಟೇಷನ್ 100 ಕಿಮೀ ದೂರ ಇದ್ರೆ ಬರೋ ವ್ಯತ್ಯಾಸ ಅರ್ಧ ಕಿಮೀ, ಬಿಟ್ಟುಬಿಡಬಹುದು. ಅದೇ ಸ್ಟೇಷನ್ 15 ಕಿಮೀಲಿದ್ರೆ ಓರೆ ದೂರ 18 ಆಗುತ್ತೆ, ವೃತ್ತ ದೊಡ್ಡದಾಗಿ ಒಂದರ ಮೇಲೊಂದು ಹಾಯ್ದುಬಿಡುತ್ತೆ. ಪೈಥಾಗೊರಸ್ ಅಷ್ಟೆ, ಹತ್ತನೇ ಕ್ಲಾಸಿನವರ ಕೈಲಿ ಮಾಡ್ಸಿ. ಆಳ ಹುಡುಕೋದು ಅದಕ್ಕೇ ಕಷ್ಟ, ತೀರಾ ಹತ್ತಿರ ಒಂದು ಸ್ಟೇಷನ್ ಇಲ್ದೆ ಇದ್ರೆ ಆಳ ಸರಿಯಾಗಿ ಸಿಗಲ್ಲ. ಆ್ಯಪಲ್ಲಿ ಬಹಳಷ್ಟು ಭೂಕಂಪಕ್ಕೆ ಒಂದೇ ಸಮ 10 ಕಿಮೀ ಅಂತ ತೋರಿಸ್ತಿರುತ್ತಲ್ಲ ನೋಡಿ, ಎಷ್ಟೋ ಸಲ ಅದು ಅಳೆದಿದ್ದಲ್ಲ, ಆಳ ಗೊತ್ತಾಗದೆ ಇದ್ದಾಗ ಇಟ್ಕೊಳ್ಳೋ ನಂಬರ್.

ಟೈಮ್ ಆದ್ರೆ ಗೌರಿಬಿದನೂರಿನ ವಿಷಯನೂ ಹುಡುಗ್ರಿಗೆ ಹೇಳಿ. 1965ರಿಂದ ಅಲ್ಲಿ ಅಣು ಸಂಶೋಧನೆ ಮಾಡೋ ಬಾರ್ಕ್‌ನವರ ಸೀಸ್ಮಿಕ್ ಅರೇ ಇದೆ, ಹೊಲಗಳ ಮಧ್ಯ ಎಲ್ ಆಕಾರದಲ್ಲಿ ಎರಡು ಸಾಲು ಸೀಸ್ಮೋಮೀಟರ್, ಬೇರೆ ದೇಶದವ್ರು ಗುಟ್ಟಾಗಿ ಅಣು ಬಾಂಬ್ ಪರೀಕ್ಷೆ ಮಾಡಿದ್ರೆ ಇಲ್ಲೇ ಕೂತು ಹಿಡಿಯಕ್ಕೆ ಅಂತ ಹಾಕಿದ್ದು. ಅಲೆ ಮೊದ್ಲು ಯಾವ ತುದಿಗೆ ಮುಟ್ತು, ಆಮೇಲೆ ಯಾವುದಕ್ಕೆ ಅನ್ನೋದರ ಮೇಲೆ ಯಾವ ದಿಕ್ಕಿಂದ ಬಂತು ಅಂತ ಒಂದೇ ಊರಲ್ಲಿ ಕೂತು ಹೇಳ್ತಾರೆ, ಮೂರು ವೃತ್ತಕ್ಕೆ ಕಾಯಬೇಕಿಲ್ಲ.

ಇಂಡಿ_ಮಾಸ್ತರ:

ಆ 10 ಕಿಮೀದು ನಾ ಖರೇನ ಅಂದ್ಕೊಂಡಿದ್ದೆ ನೋಡ್ರಿ. ಸೋಮವಾರ ಕಲ್ಲು, ಬುಧವಾರ 104 ಡಿಗ್ರಿ, ಶನಿವಾರ ಮುಂಜಾನಿ ಸಾಲಿ ಇರ್ತೈತಿ, ಅವತ್ತ ವೃತ್ತ ತಗಸ್ತೀನಿ. ಅಕ್ಕಾರ, ನೀವ್ ಬಿಡಿಸಿದ ಸೀಸ್ಮೋಗ್ರಾಂ ಹಾಳಿ ಇದ್ರ ಒಂದ್ ಫೋಟೋ ಹಾಕ್ರಿ, ನನ್ ಕೈಲೆ ಪಿ ಯಾವ್ದು ಎಸ್ ಯಾವ್ದು ಅಂತ ಕಾಣೂ ಹಂಗ ಗೆರಿ ಬರವಲ್ದು.

ಲ್ಯಾಬ್_ಅಕ್ಕ:

ಸಂಜೆ ಹಾಕ್ತೀನಿ ಸರ್. ಎಸ್ ಬರೋ ಕಡೆ ಗೆರೆ ಎತ್ತರ ಒಮ್ಮೆಗೇ ಎರಡು ಮೂರು ಪಟ್ಟು ಮಾಡಿ, ಅಲೆನೂ ಸ್ವಲ್ಪ ಅಗಲ ಬಿಡ್ಸಿ, ಸಾಕು. ಪಿಗಿಂತ ಮುಂಚೆ ಪೂರ್ತಿ ನೇರ ಗೆರೆ ಮಾತ್ರ ಹಾಕ್ಬೇಡಿ, ಲಾರಿ ಓಡಾಡೋದು, ಗಾಳಿ ಎಲ್ಲ ಸೇರಿ ಅಲ್ಲೂ ಸಣ್ಣಗೆ ನಡುಗ್ತಾನೇ ಇರುತ್ತೆ.